ನೇರಳೆ ಚುಕ್ಕೆಯ ಎಂಟು ನಟ್ಟು

ಹಲೋ... ಹಾಂ, ಹಲೋ. ಯಾರು ಮಾತಾಡೋದು?

... ಯಾವ ಮೇಷ್ಟ್ರು? ಸ್ವಲ್ಪ ಜೋರಾಗಿ ಹೇಳಿ.

... ಓ, ಡೀಸೆಲ್ ಮೆಕ್ಯಾನಿಕ್ ತರಬೇತಿ ಶಾಲೆ ಮೇಷ್ಟ್ರಾ. ನಮಸ್ಕಾರ, ನಮಸ್ಕಾರ. ನಾನು ಅವಳ ಅತ್ತೆ. ಇವತ್ತು ನಮ್ಮ ಸೊಸೆಗೆ ಕೊನೇ ಪರೀಕ್ಷೆ ಅಲ್ವಾ, ಬೆಳಿಗ್ಗೆಯಿಂದ ದೇವರ ಮುಂದೆ ಕೂತಿದ್ದೀನಿ. ನಿಮ್ಮ ಫೋನ್ ಬಂತು ಅಂತ ಅವನನ್ನ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಹೇಳಿ.

... ಎಂಜಿನ್ ಮುಂದೆ ಸುಮ್ಮನೆ ಕೂತಿದ್ದಾಳಾ? ಎಷ್ಟು ಹೊತ್ತಿಂದ?

... ಅರ್ಧ ಗಂಟೆ. ಕೈಯಲ್ಲಿ ಸ್ಪ್ಯಾನರ್ ಇದೆಯಾ?

... ಇದೆ ಅಂದ್ರೆ ಗಾಬರಿ ಅಲ್ಲ ಬಿಡಿ. ಗಾಬರಿ ಆದ್ರೆ ಅವಳು ಕಣ್ಣಿಗೆ ಬಿದ್ದಿದ್ದನ್ನೆಲ್ಲ ಒರೆಸ್ತಾಳೆ. ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಮ್ಮ ಮೇಜನ್ನೇ ಮೂರು ಸಲ ಒರೆಸಿದ್ದಳು. ಪರೀಕ್ಷೆ ಮಾಡೋಕೆ ಬಂದವರು ಏನಂತಾರೆ?

... ಚಹಾ ಕುಡಿಯೋಕೆ ಹೋಗಿದ್ದಾರಾ. ಒಳ್ಳೇದಾಯ್ತು. ಇನ್ನೊಂದು ಲೋಟ ಕೊಡಿಸಿ ಅವರಿಗೆ.

... ಗೊತ್ತು ಮೇಷ್ಟ್ರೇ, ಇವತ್ತು ತಪ್ಪಿದ್ರೆ ಮುಂದಿನ ವರ್ಷ. ಬಸ್ ಡಿಪೋದವರು ಅಲ್ಲೀವರೆಗೂ ಕಾಯ್ತಾರಾ? ಒಂದನೇ ತಾರೀಖಿಗೆ ಸರ್ಟಿಫಿಕೇಟ್ ತಂದ್ರೆ ಕೆಲಸ, ಇಲ್ಲ ಅಂದ್ರೆ ಬೇರೆಯವರಿಗೆ ಅಂದಿದ್ದಾರೆ. ಅವಳ ಕೈಗೆ ಫೋನ್ ಕೊಡಿ.

... ನಾನೇನು ಉತ್ತರ ಹೇಳಿಕೊಡ್ತೀನಾ? ನನಗೆ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗೆಯೋಕೂ ಅವಳೇ ಬರಬೇಕು. ಕೊಡಿ ಮೇಷ್ಟ್ರೇ, ನಿಮಗೆ ಪುಣ್ಯ ಬರುತ್ತೆ.

... ಹಲೋ. ಏನೇ ಇದು, ಹಾಗೆ ಕೂತಿದ್ದೀಯಂತೆ? ಅಳ್ತಾ ಇದ್ದೀಯಾ?

... ಅಳ್ತಿಲ್ಲ. ಸರಿ, ಅಳ್ತಿಲ್ಲ. ಏನಿದೆ ಆ ಎಂಜಿನ್ ಮೇಲೆ? ಮೆಲ್ಲಗೆ ಹೇಳು.

... ನಟ್ಟಿನ ಮೇಲೆ ಬಣ್ಣದ ಚುಕ್ಕೆ ಇದ್ರೆ ಏನಾಯ್ತು? ಬಿಗಿ ಮಾಡಿದ ಮೇಲೆ ಒಂದು ಚುಕ್ಕೆ ಇಡೋದು, ಈ ನಟ್ಟು ಮುಗೀತು ಅಂತ ಗುರುತಿಗೆ. ನಮ್ಮ ರಿಪೇರಿ ಶೆಡ್‌ನಲ್ಲಿ ನೋಡಿ ನೋಡಿ ನನಗೇ ಗೊತ್ತು, ಎರಡು ವರ್ಷ ಕಲಿತ ನಿನಗೆ ಗೊತ್ತಿಲ್ವಾ?

... ಯಾವ ಬಣ್ಣ?

... ನೇರಳೆ. ಒಳಗೆ ಮಿರಿಮಿರಿ ಪುಡಿ ಇರೋದಾ?

... ಹಾಂ. ಹಾಗಾದ್ರೆ ಅದು ನಿನ್ನ ಉಗುರಿನ ಬಣ್ಣವೇ. ಇನ್ನು ಯಾವ ಮೆಕ್ಯಾನಿಕ್ಕೂ ಎಂಜಿನ್ನಿಗೆ ಅಂಥದ್ದು ಹಚ್ಚಲ್ಲ. ಅದು ನನ್ನ ಮಗ ರಿಪೇರಿ ಮಾಡಿದ ಎಂಜಿನ್ನು.

... ಇರು, ಸ್ವಲ್ಪ ಕೂತ್ಕೋತೀನಿ.

... ಏನಾಗಿಲ್ಲ ನನಗೆ. ಕುರ್ಚಿ ಮೇಲೆ ಬೆಕ್ಕು ಮಲಗಿತ್ತು, ಎಬ್ಬಿಸಿದೆ. ಮುಖ ಗಂಟು ಹಾಕ್ಕೊಂಡು ಹೋಯ್ತು. ಹೇಳು, ಎಷ್ಟು ನಟ್ಟು?

... ಮೇಲಿನ ಮುಚ್ಚಳಕ್ಕೆ ಎಂಟು. ಎಂಟರ ಮೇಲೂ ಚುಕ್ಕೆ. ಆ ಮುಚ್ಚಳ ತೆಗೀದೆ ಒಳಗೆ ಕೈ ಹಾಕೋ ಹಾಗಿಲ್ಲ, ತೆಗಿಯೋಕೆ ನಿನಗೆ ಮನಸ್ಸಿಲ್ಲ. ಅಷ್ಟೇ ಅಲ್ವಾ?

... ಹೌದು ಕಣೇ. ಅವನ ಕೈ ಬಿಗಿ ಮಾಡಿದ್ದು. ನೀನು ಒಂದು ಸಲ ತಿರುಗಿಸಿದ್ರೆ ಆ ಬಿಗಿ ಹೋಯ್ತು, ಮತ್ತೆ ಬರಲ್ಲ. ನನಗೂ ಅರ್ಥ ಆಗುತ್ತೆ ಮಗಳೇ.

... ಬೇರೆ ಎಂಜಿನ್ ಕೊಡಿ ಅಂತ ಕೇಳಿದೆಯಾ?

... ಚೀಟಿ ಎತ್ತಿ ಬಂದಿದ್ದಾ. ಹಾಗಾದ್ರೆ ಮೇಷ್ಟ್ರ ಕೈಯಲ್ಲೂ ಇಲ್ಲ. ನೋಡು, ಬೆಳಿಗ್ಗೆಯಿಂದ ನನ್ನದು ಒಂದೇ ಪ್ರಾರ್ಥನೆ, ಅವಳಿಗೆ ಪರಿಚಯ ಇರೋ ಎಂಜಿನ್ ಸಿಗಲಿ ಅಂತ. ಇನ್ನೂ ಬಿಡಿಸಿ ಕೇಳಬೇಕಿತ್ತು. ದೇವರು ಕೊಡೋದೇನೋ ಕೊಡ್ತಾನೆ, ಹೀಗೆ ಕೊಡಲಾ ಅಂತ ಮಾತ್ರ ಯಾವತ್ತೂ ಕೇಳಲ್ಲ.

... ಸರಿ, ಒಂದು ವಿಷಯ ಹೇಳ್ತೀನಿ. ಬೈಬಾರದು. ಆ ಬಣ್ಣದ ಬಾಟ್ಲಿ ಅವನು ಕದ್ದಿದ್ದಲ್ಲ.

... ಎರಡು ವರ್ಷ ನೀನು ಅವನನ್ನ ಕಳ್ಳ ಕಳ್ಳ ಅಂದೆ, ಅವನು ನಗ್ತಾ ಅನ್ನಿಸಿಕೊಂಡ. ನಿನ್ನ ಕಪಾಟಿನಿಂದ ತೆಗೆದು ಶೆಡ್‌ಗೆ ಕೊಟ್ಟು ಬಂದವಳು ನಾನು.

... ಯಾಕೆ ಅಂದ್ರೆ? ಹಿಡಿಸಲಿಲ್ಲ. ಹತ್ತು ಬೆರಳೂ ಬಾಗಿಲಿಗೆ ಸಿಕ್ಕಿಹಾಕ್ಕೊಂಡ ಹಾಗೆ ಕಾಣ್ತಿತ್ತು.

... ಹಾಂ, ಬೈಯಿ. ಉಳಿದದ್ದನ್ನ ಮನೆಗೆ ಬಂದ ಮೇಲೆ ಬೈಯುವೆಯಂತೆ. ಅವರ ಚಹಾ ಮುಗಿಯೋದರೊಳಗೆ ನನ್ನ ಮಾತು ಮುಗೀಬೇಕು. ಅವನ ಕೆಲಸದ ಅಂಗಿ ಇತ್ತಲ್ಲ, ಮೊಳೆಗೆ ನೇತು ಹಾಕಿದ್ದು? ಅವನು ಹೋಗಿ ಹನ್ನೊಂದು ತಿಂಗಳು ನಾನು ಅದನ್ನ ಮುಟ್ಟಲಿಲ್ಲ, ನಿನ್ನನ್ನೂ ಮುಟ್ಟೋಕೆ ಬಿಡಲಿಲ್ಲ. ಹೋದ ವಾರ ನೀನು ಕ್ಲಾಸಿಗೆ ಹೋಗಿದ್ದಾಗ ಒಗೆದೆ.

... ನಾನೇ. ಜೇಬಲ್ಲಿ ಪೆಪ್ಪರ್‌ಮಿಂಟ್ ಇಟ್ಟು ಮರೆತಿದ್ದ, ಇರುವೆ ಸಾಲು ಗೋಡೆ ಹತ್ತಿ ಬಂದಿತ್ತು. ಏನು ಮಾಡಲಿ? ಕಲ್ಲಿನ ಮೇಲೆ ತಿಕ್ಕೋವಾಗ ತುಂಬಾ ಅತ್ತುಬಿಟ್ಟೆ. ಒಣಗಿದ ಮೇಲೆ ಮೂಗಿಗೆ ಹಿಡಿದು ನೋಡಿದೆ, ಬರೀ ಸೋಪಿನ ವಾಸನೆ. ಆದ್ರೂ ಸಂಜೆ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಅವನು ದಿನಾ ಬರೋ ಹಾಗೇ ಬಂದ. ನನ್ನ ಅಂಗಿ ಎಲ್ಲಿ ಅಂತ ಕೇಳಲಿಲ್ಲ.

... ಅಲ್ವಾ? ಇನ್ನು ನಟ್ಟಿನ ಲೆಕ್ಕ ಕೇಳ್ತಾನಾ? ಅವನು ಬಿಗಿ ಮಾಡಿದ್ದು ನಾವು ಎದುರಿಗೆ ಕೂತು ನೋಡ್ಲಿ ಅಂತಲ್ಲ, ಎಂಜಿನ್ ಓಡಲಿ ಅಂತ. ಈಗ ಓಡ್ತಿಲ್ಲ. ಅವನೇ ಅಲ್ಲಿದ್ದಿದ್ರೆ ಗುನುಗ್ತಾ ಎರಡು ನಿಮಿಷಕ್ಕೆ ಬಿಚ್ಚಿಹಾಕ್ತಿದ್ದ. ಏಳು. ದೇವರ ಹೆಸರು ಹೇಳು, ಸ್ಪ್ಯಾನರ್ ಹಾಕು. ಫೋನ್ ಪಕ್ಕದಲ್ಲೇ ಇಡು, ನಾನು ಎಣಿಸ್ತೀನಿ.

... ಬಿಗಿ ಇದೆಯಾ? ಇರದೆ ಏನು. ಯಾರ ಕೈ ಅದು. ಮೈ ಭಾರ ಹಾಕು.

... ಕೇಳಿಸ್ತು. ಕಟಕ್ ಅಂತು. ಒಂದು.

... ಎರಡು.

... ಮೇಷ್ಟ್ರೇ, ನೀವು ಪಕ್ಕದಲ್ಲಿದ್ದೀರಾ? ಕೈ ಹಾಕಬೇಡಿ, ಅವಳೇ ಮಾಡಲಿ. ಮೂರು.

... ನಾಲ್ಕು. ಶಭಾಷ್. ಒಂದು ಸಾಲು ಮುಗೀತಾ? ಆ ಕಡೆ ಸಾಲಿಗೆ ಹೋಗು.

... ಯಾಕೆ ನಿಲ್ಲಿಸಿದೆ? ಸ್ಪ್ಯಾನರ್ ಹಾಕು.

... ಬೇಡ ಅಂದ್ರೆ? ಎರಡು ಬೆರಳಲ್ಲಿ ತಿರುಗ್ತಾ ಇದೆಯಾ? ಅದಕ್ಕೆ ಚುಕ್ಕೆ ಇಲ್ವೇನೋ ನೋಡು.

... ಚುಕ್ಕೆ ಇದೆ. ಬಿಗಿ ಇಲ್ಲ. ಏನು ಮಾತಾಡ್ತೀಯೇ? ನನ್ನ ಮಗ ಬಿಗಿ ಮಾಡದೆ ಚುಕ್ಕೆ ಇಡೋನಲ್ಲ. ತುಕ್ಕು ಹಿಡಿದು ಸಡಿಲ ಆಗಿರುತ್ತೆ.

... ತುಕ್ಕು ಹಿಡಿದ್ರೆ ಇನ್ನೂ ಗಟ್ಟಿ ಆಗುತ್ತಾ. ಹಾಂ, ಇರಬಹುದು, ನೀನು ಕಲಿತವಳು. ಅದೊಂದು ತಪ್ಪಿರಬಹುದು. ಆರನೇದು ನೋಡು.

... ಅದೂ ಬೆರಳಿಗೇ ಬಂತಾ?

... ಏಳನೇದೂ? ಎಂಟನೇದರ ವಿಷಯ ನನಗೆ ಹೇಳಬೇಡ.

... ಹೇಳಬೇಡ ಅಂದೆನಲ್ಲ.

... ಕೆಳಗೆಲ್ಲ ಎಣ್ಣೆ ಸೋರಿದ ಕಲೆ ಇದೆಯಾ? ಅಯ್ಯೋ ದೇವರೇ. ಆ ಎಂಜಿನ್ ಎಲ್ಲಿಂದ ಬಂತು ಅಂತ ಮೇಷ್ಟ್ರನ್ನ ಕೇಳು.

... ಐಸ್ ಫ್ಯಾಕ್ಟರಿ ಜನರೇಟರ್‌ದಾ. ಅಂದುಕೊಂಡೆ. ಆ ಫ್ಯಾಕ್ಟರಿಯವನು ಮೂರು ಸಲ ಫೋನ್ ಮಾಡಿದ್ದ ಕಣೇ, ಎಣ್ಣೆ ಸೋರ್ತಿದೆ, ಮಗನನ್ನ ಕಳಿಸಿ ಅಂತ. ಎತ್ತಿದವಳು ನಾನು. ನಿಮ್ಮ ನೆಲವೇ ಓರೆ, ನನ್ನ ಮಗ ಮುಟ್ಟಿದ ಎಂಜಿನ್ನಲ್ಲಿ ಒಂದು ಹನಿ ಸೋರಲ್ಲ ಅಂತ ಬೈದು ಇಟ್ಟೆ. ಮಗನಿಗೆ ಹೇಳಲೂ ಇಲ್ಲ. ಪಾಪ ಆ ಮನುಷ್ಯ, ಸಾಕಾಗಿ ಎಂಜಿನ್ನೇ ಶಾಲೆಗೆ ಕೊಟ್ಟುಬಿಟ್ಟಿದ್ದಾನೆ.

... ಏನದು ಸದ್ದು? ನಗ್ತಾ ಇದ್ದೀಯಾ?

... ನಗು, ನಗು. ನಿಲ್ಲಿಸಬೇಡ. ಎಷ್ಟು ದಿನ ಆಯ್ತೋ ನೀನು ಹೀಗೆ ನಕ್ಕು.

... ತಪ್ಪು ನನ್ನದೇ. ಅವತ್ತು ನಾನು ಊಟಕ್ಕೆ ಕೂಗಿರ್ತೀನಿ. ಒಂದು ಸಲ ಕೂಗಿ ಸುಮ್ಮನಿರೋಳಾ ನಾನು? ಅನ್ನ ಆರ್ತಿದೆ, ಅನ್ನ ಆರ್ತಿದೆ ಅಂತ ಬಾಗಿಲಲ್ಲೇ ನಿಂತಿರ್ತೀನಿ. ಅವನು ಒಂದು ಸಾಲು ಬಿಗಿ ಮಾಡಿ, ಬಂದೇ ಅಮ್ಮಾ ಅಂತ ಎಂಟಕ್ಕೂ ಚುಕ್ಕೆ ಇಟ್ಟು ಎದ್ದು ಬಂದಿರ್ತಾನೆ. ಉಂಡು ಹೋಗಿ ನೋಡಿದ್ರೆ ಎಲ್ಲದಕ್ಕೂ ಚುಕ್ಕೆ ಇದೆ. ಇನ್ನೇನು ಮಾಡ್ತಾನೆ?

... ಏನು? ಬಂದ್ರಾ? ಫೋನ್ ಮೇಷ್ಟ್ರಿಗೆ ಕೊಡು, ಬೇಗ ಕೊಡು.

... ಮೇಷ್ಟ್ರೇ, ಬಾಗಿಲ ಹತ್ರ ಬಂದು ಮಾತಾಡಿ. ಏನು ಕೇಳ್ತಿದ್ದಾರೆ ಅವರು?

... ಎಣ್ಣೆ ಯಾಕೆ ಸೋರ್ತಿತ್ತು ಅಂತಾನಾ. ಹೇಳಿದಳಾ?

... ಹೇಳಿದಳು. ಹಿಂದೆ ಬಿಗಿ ಮಾಡಿದವರು ಯಾರು ಅಂತ ಕೇಳಿದ್ರಾ? ಯಾರೋ ದಾರಿಹೋಕ ಅಂತ ಹೇಳೋಕೆ ಸನ್ನೆ ಮಾಡಿ.

... ನಮ್ಮ ಯಜಮಾನರು ಅಂದುಬಿಟ್ಟಳಾ? ಅಷ್ಟು ಜನರ ಮುಂದೆ?

... ಅವರೂ ನಕ್ರಾ. ಬರ್ಕೊಂಡ್ರಾ? ಏನಂತ ಬರ್ಕೊಂಡ್ರು?

... ಕಾರಣ ಸರಿಯಾಗಿ ಹಿಡಿದಳು ಅಂತ. ಹಾಂ... ಹಾಂ... ಇಲ್ಲ ಮೇಷ್ಟ್ರೇ, ಇಲ್ಲೇ ಇದ್ದೀನಿ. ಮುಂದೆ ಹೋಗ್ತಿದ್ದಾಳಾ? ಒಳಗೆ ಬಿಚ್ಚುತ್ತಿದ್ದಾಳಾ?

... ಹಾಗಾದ್ರೆ ನನ್ನದೊಂದು ಮಾತು ಅವಳಿಗೆ ತಲುಪಿಸಿ. ವಾಪಸ್ ಮುಚ್ಚೋವಾಗ ಎಂಟನ್ನೂ ಬಿಗಿ ಮಾಡಿದ ಮೇಲೇ ಚುಕ್ಕೆ ಇಡಲಿ. ಅವಸರ ಬೇಡ. ಸಂಜೆ ಆದ್ರೂ ಆಗಲಿ, ಅನ್ನ ಆರಿದ್ರೂ ಆರಲಿ, ನಾನು ಕೂಗಲ್ಲ ಅಂತ ಹೇಳಿ... ಕೇಳಿಸ್ತಾ ಮೇಷ್ಟ್ರೇ? ಅತ್ತೆ ಇವತ್ತು ಊಟಕ್ಕೆ ಕೂಗಲ್ಲವಂತೆ ಅಂತ... ಹಲೋ... ಮೇಷ್ಟ್ರೇ, ಕೂಗಲ್ಲ ಅಂದೆ... ಹಲೋ...