ಕಂಪ್ಯೂಟರಿನಲ್ಲಿ ಉಳಿದ ದನಿ

ದೀಪ ಸಣ್ಣ ಮಾಡಿ, ಹೇಳ್ತೇನೆ. ಇದು ಎಲ್ಲೋ ಕೇಳಿದ್ದಲ್ಲ. ಇಡಗುಂದಿಯಲ್ಲಿ ನಮ್ಮ ಪಕ್ಕದ್ಮನೆ ನವೀನನಿಗೇ ಆದದ್ದು, ಎರಡು ಸಾವಿರದ ಮೂರರಲ್ಲಿ.

ಅವತ್ತು ರಾತ್ರಿ ಅವನು ಪರಿಮಳಮ್ಮನ ಮನೆಯಿಂದ ನಡೆದು ಬರ್ತಿದ್ದ. ಅವರ ಮಗ ಶಶಾಂಕ ಇವನ ಜೀವದ ಗೆಳೆಯ. ಯಲ್ಲಾಪುರದಲ್ಲಿ ಇಬ್ಬರೂ ಒಟ್ಟಿಗೆ ಕಂಪ್ಯೂಟರ್ ಕಲಿಸ್ತಿದ್ದರು. ಶಶಾಂಕ ಲಾರಿಗೆ ಸಿಕ್ಕಿ ತೀರಿಹೋಗಿ ಇನ್ನೂ ತಿಂಗಳಾಗಿರಲಿಲ್ಲ.

ಕಂಪ್ಯೂಟರಿನ ಕೈಲಿ ಕನ್ನಡ ಮಾತಾಡಿಸಬೇಕು ಅನ್ನೋದು ಶಶಾಂಕನ ಹುಚ್ಚು. ಒಂದೊಂದೇ ಅಕ್ಷರ, ಕಾಗುಣಿತ ಸಮೇತ, ತನ್ನ ದನಿಯಲ್ಲೇ ಹೇಳಿ ತುಂಬಿಸ್ತಿದ್ದ. ಅವನ್ನ ಜೋಡಿಸಿ ಮಾತು ಮಾಡಲಿಕ್ಕೆ ಒಂದು ಲೈಬ್ರರಿ ಹಾಕಬೇಕಿತ್ತು. ಪುಸ್ತಕದ ಲೈಬ್ರರಿ ಅಲ್ಲ ಮತ್ತೆ... ಯಾವ್ಯಾವುದೋ ದೇಶದವರು ಸೇರಿ ಬರೆದು, ಯಾರು ಬೇಕಾದ್ರೂ ತಗೊಳ್ಳಿ ಅಂತ ಬಿಟ್ಟ ಪ್ರೋಗ್ರಾಂ. ಅದನ್ನ ಹಾಕೋ ಮೊದಲೇ ಹೋಗಿಬಿಟ್ಟ.

ಅಮ್ಮನನ್ನ ಅವನು ಆಯಿ ಅಂತಿದ್ದ, ಆ ದನಿಯೊಂದು ಬಿಟ್ರೆ ಪರಿಮಳಮ್ಮನಿಗೆ ಬೇರೇನೂ ಬೇಡ. "ಒಂದ್ಸಲ ಯನ್ನ ಆಯಿ ಅಂತ ಕರೆಸಿಕೊಡು ತಮಾ. ಅಷ್ಟೇ ಸಾಕು."

ನವೀನ ಹುಬ್ಬಳ್ಳಿಯಿಂದ ಸಿಡಿ ತರಿಸಿದ. ಕರೆಂಟು ಹೋದಾಗೆಲ್ಲ ಮತ್ತೆ ಮೊದಲಿಂದ ಹಾಕಿದ. ಅಂತೂ ಲೈಬ್ರರಿ ಕೂತಿತು. ಆದ್ರೆ ಶಶಾಂಕನ ಪ್ರೋಗ್ರಾಂ ಶುರು ಮಾಡಿದ್ರೆ, ಲೈಬ್ರರಿ ಸಿಕ್ತಿಲ್ಲ ಅಂತ ಒಂದೇ ಹಟ. ಸೋತು ಎದ್ದು ಬಂದಿದ್ದ.

ಹಾಗೆ ನಡೆದು ಬರ್ತಾ ದಾರಿ ಪಕ್ಕದ ಬಾವಿ ಹತ್ತಿರ ಬಂದ. ರಾಟೆ ಕಿರ್ರ್... ಅಂತು. ಗಾಳಿಯಿಲ್ಲ. ರಾಟೆಗೆ ಹಗ್ಗವೂ ಇಲ್ಲ. ಕೆಳಗೆ ಕೊಡ ಮುಳುಗಿದ ಹಾಗೆ... ಬುಳುಕ್.

"ತಂದಿಟ್ರೆ ಆಗ್ತಿಲ್ಲೆ ಮಾರಾಯಾ." ಕಿವಿ ಪಕ್ಕದಲ್ಲೇ ಪಿಸುಮಾತು. "ಬಂಜು ಅಂತ ಅದಕ್ಕೆ ಹೇಳವು..."

ಶಶಾಂಕನದೇ ದನಿ. ನವೀನನಿಗೆ ಹೆದರಿಕೆಗಿಂತ ಮೊದಲು ಅಳು ಬಂತು ಪಾಪ.

ಬಂದಿದೆ ಅಂತ ಅದಕ್ಕೆ ಹೇಳಬೇಕು ಅಂದ ಆ ಮಾತು ಖರೆ. ಲೈಬ್ರರಿ ಹಾಕಿದ ಮೇಲೆ, ಹೊಸತು ಬಂದಿದೆ, ಇಂಥಲ್ಲಿದೆ ಅಂತ ಕಂಪ್ಯೂಟರಿಗೆ ಒಂದು ಸಾಲು ಬರೆದು ತಿಳಿಸಬೇಕು. ಆ ಕೊನೇ ಕೆಲಸ ಯಾವಾಗ್ಲೂ ಶಶಾಂಕನದು. ಅಷ್ಟೊತ್ತಿಗೆ ಇವನು ಚಾ ಹೇಳ್ಲಿಕ್ಕೆ ಎದ್ದು ಹೋಗಿರ್ತಿದ್ದ.

ತಿರುಗಿ ಓಡಿದ. ಪರಿಮಳಮ್ಮ ಇನ್ನೂ ಕಂಪ್ಯೂಟರ್ ಎದುರೇ ಕೂತಿದ್ದರು.

"ಎಂತಾತೋ?"

ನವೀನ ಕೀಬೋರ್ಡ್ ಎಳೆದುಕೊಂಡ. ಆ ಸಾಲು ಬರೆದ. ಆಯಿ ಅಂತ ಟೈಪ್ ಮಾಡಿದ. ಸ್ಪೀಕರು ಗೊರ್ರ್... ಅಂತು. ಆಮೇಲೆ...

"ಆಯಿ."

ಪರಿಮಳಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಓ..." ಅಂದರು. "ಎಷ್ಟ್ ಹೊತ್ತು ಮಾಡ್ದೆ ಮಗಾ."

ಆ ರಾತ್ರಿ ಮತ್ತೆ ಮತ್ತೆ ಕರೆಸಿಕೊಂಡು ಅತ್ತರು. ನವೀನನೂ ಅತ್ತ.

ಬೆಳಗಾದ ಮೇಲೆ ಅವನು, ಶಶಾಂಕ ತುಂಬಿಸಿಟ್ಟ ಅಕ್ಷರಗಳನ್ನ ಒಂದೊಂದಾಗಿ ಹಾಕಿ ಕೇಳಿದ. ಅ, ಆ ಇಂದ ಹಿಡಿದು ಮ ತನಕ ಇತ್ತು. ಅಲ್ಲಿಗೇ ನಿಂತಿತ್ತು. ಯ ಹೇಳುವಷ್ಟು ದಿನ ಅವನಿಗೆ ಸಿಕ್ಕಿರಲೇ ಇಲ್ಲ.

ಹಾಗಾದ್ರೆ ಆಯಿ ಅಂದದ್ದು ಹ್ಯಾಗೆ ಅಂತ ನನ್ನ ಕೇಳಬೇಡಿ. ಸುಳ್ಳು ಹೇಳಿ ನನಗೇನಾಗಬೇಕು? ನಾನೇ ಅಲ್ಲಿ ಕೂತು ಕೇಳಿದ್ದೇನೆ... ಮ ಆದ ಮೇಲೆ ಏನೂ ಇಲ್ಲ.