ಕೆಂಪು ಹಿಡಿಕೆ

ರಕ್ತ ಅಲ್ಲ ಕಣೇ, ಬಣ್ಣ! ಬಣ್ಣ... ಅಯ್ಯೋ, ಹಾಗೆ ಕಿರುಚಬೇಡ, ಪಕ್ಕದ ಮನೆಯವರು ಕಿಟಕಿಗೆ ಬರ್ತಾರೆ. ಅವರಿಗೆ ಅಷ್ಟೇ ಬೇಕಾಗಿರೋದು. ಮೂಸಿ ನೋಡು ಬೇಕಾದ್ರೆ. ಈಗ ತಾನೇ ನೌಕೆ ಒಳಗಡೆ ಹಿಡಿಕೆಗೆ ಕೆಂಪು ಬಳಿದು ಹೊರಗೆ ಬಂದೆ, ಅಷ್ಟರಲ್ಲಿ ನೀನು ಗೇಟು ತಳ್ಕೊಂಡು ಬಂದೆ. ಒಂದು ಫೋನು ಮಾಡ್ಬಾರ್ದಾ? ವರ್ಷದ ಮೇಲೆ ಎರಡು ತಿಂಗಳಾದ್ಮೇಲೆ ಬರೋ ತಂಗಿ, ಹೀಗಾ ಬರೋದು, ತಪಾಸಣೆಗೆ ಬರೋ ಸಾಹೇಬರ ಥರ?

ಅಪ್ಪ ಮಲಗಿದಾರೆ. ಹೂಂ, ಮಲಗಿದಾರೆ ಅಂದೆನಲ್ಲ. ಊಟ ಆಯ್ತು, ಮಾತ್ರೆ ಆಯ್ತು, ಈಗ ನಿದ್ದೆ. ಎಬ್ಬಿಸಿದ್ರೆ ಸಂಜೆವರೆಗೂ ಪ್ರಾಣ ತಿಂತಾರೆ... ನಿನ್ನದಲ್ಲ, ನನ್ನ ಪ್ರಾಣ. ಆಮೇಲೆ ನೋಡುವಿಯಂತೆ. ಕೂತ್ಕೋ. ಅಲ್ಲಿ ಬೇಡ! ಅದು ಆಕ್ಸಿಜನ್ ಟ್ಯಾಂಕು! ಹ್ಹ... ಎಣ್ಣೆ ಡಬ್ಬ ಕಣೇ, ಬೆಳ್ಳಿ ಬಣ್ಣ ಹಚ್ಚಿದೀನಿ, ಅಷ್ಟೇ. ಈ ಕಡೆ ನೆರಳಿಗೆ ಬಾ.

ಹೇಗಿದೆ? ಹೇಳು. ನಗು ಬಂದ್ರೆ ನಗು, ಎಲ್ಲರೂ ನಕ್ಕಾಯ್ತು. ಪಕ್ಕದ ಮನೆ ಮೇಷ್ಟ್ರು ಕಾಂಪೌಂಡ್ ಮೇಲೆ ಗಲ್ಲ ಇಟ್ಕೊಂಡು ಕೇಳ್ತಾರೆ, "ಏನಪ್ಪಾ, ಇನ್ನೊಂದು ಕಕ್ಕಸು ಕಟ್ಟಿಸ್ತಿದೀಯಾ?" ಅಂತ. ಕಕ್ಕಸಂತೆ! ಹನ್ನೆರಡಡಿ ಉದ್ದ, ಎಂಟಡಿ ಎತ್ತರ, ಮೂರು ಕಾಲು, ಮೂತಿಯಲ್ಲಿ ದೀಪ... ನಿಂಗೆ ಗುರುತು ಸಿಕ್ತು ತಾನೇ? ಗೇಟಲ್ಲೇ ನಿಂತ್ಬಿಟ್ಟೆ, ನಾನು ನೋಡ್ದೆ. ಆರು ವರ್ಷದವಳ ಥರ ಬಾಯಿ ಬಿಟ್ಕೊಂಡು.

ಅದೇ ಕಣೇ. ಅದೇ ಆಕಾಶನೌಕೆ. ಅಪ್ಪ ಟಾಕೀಸಲ್ಲಿ ಆಪರೇಟರ್ ಆಗಿದ್ದಾಗ ಹದಿನಾಲ್ಕು ವಾರ ಓಡ್ತಲ್ಲ, ಆ ಸಿನಿಮಾದ್ದು. ಪ್ರೊಜೆಕ್ಟರ್ ರೂಮಲ್ಲಿ ಒಂದು ಸ್ಟೂಲು, ಒಂದು ಕಿಂಡಿ, ನಮ್ಮೆರಡು ತಲೆ. ನೀನು ನನ್ನ ಕೂದಲು ಹಿಡಿದು ಪಕ್ಕಕ್ಕೆ ಎಳೀತಿದ್ದೆ. ಮನೆಗೆ ಬಂದ್ರೂ ನೀನೇ ಕ್ಯಾಪ್ಟನ್. ಸೌಟನ್ನ ಬಾಗಿಲು ತೆಗೆಯೋ ಕೆಂಪು ಹಿಡಿಕೆ ಅಂತ ಮಾಡ್ಕೊಂಡು, "ನೆಲ ಮುಟ್ಟೋವರೆಗೂ ಯಾರೂ ಎಳೀಬಾರ್ದು, ಹೊರಗೆ ಗಾಳಿ ಇಲ್ಲ!" ಅಂತ ನಂಗೇ ಜೋರು ಮಾಡ್ತಿದ್ದೆ. ನಾನು ಯಾವತ್ತೂ ಎಂಜಿನ್ ರಿಪೇರಿಯವನು. ಕೊನೆಗೂ ಅದೇ ಹಣೆಬರಹ ಆಯ್ತಲ್ಲ... ಇಪ್ಪತ್ತೇಳು ವರ್ಷದಿಂದ ಫ್ರಿಜ್ಜು ರಿಪೇರಿ.

ಅಳತೆ ಎಲ್ಲಿ ಸಿಕ್ತು ಅಂತೀಯಾ? ಪೌಡರ್ ಡಬ್ಬ ನೆನಪಿದೆಯಾ? ರೀಲು ಹರಿದಾಗ ಅಪ್ಪ ಕತ್ತರಿಸಿ ಅಂಟು ಹಾಕ್ತಿದ್ರು, ಉಳಿದ ಚೂರು ಆ ಡಬ್ಬಕ್ಕೆ. ಅದ್ರಲ್ಲಿ ಹನ್ನೊಂದು ಚೂರಲ್ಲಿ ನೌಕೆ ಇದೆ. ಭೂತಗನ್ನಡಿ ಹಿಡಿದು, ಕ್ಯಾಪ್ಟನ್ನು ಆರಡಿ ಆಳು ಅಂತ ಲೆಕ್ಕ ಹಿಡಿದು, ಸ್ಕೇಲಲ್ಲಿ ಅಳೆದೆ. ಒಂದಿಂಚು ಆಚೀಚೆ ಇಲ್ಲ. ಬೇಕಾದ್ರೆ ಟೇಪು ಕೊಡ್ತೀನಿ, ತಪ್ಪು ಹುಡುಕು. ಹುಡುಕೋದ್ರಲ್ಲಿ ನೀನು ಮೊದಲಿಂದ್ಲೂ ಗಟ್ಟಿಗಿತ್ತಿ.

ಖರ್ಚಾ? ಒಂದು ಹೊಸ ಫ್ರಿಜ್ಜಿನಷ್ಟೂ ಇಲ್ಲ! ಮೇಲಿನ ಗುಮ್ಮಟ, ಒಡೆದ ನೀರಿನ ಟ್ಯಾಂಕು. ದುಂಡು ಕಿಟಕಿ, ವಾಷಿಂಗ್ ಮೆಷಿನ್ ಬಾಗಿಲು. ಒಳಗೋಡೆಗೆ ಮೊಟ್ಟೆ ಟ್ರೇ, ಬೂದು ಬಣ್ಣ. ಕ್ಯಾಪ್ಟನ್ ಕುರ್ಚಿ ಏನು ಗೊತ್ತಾ? ಕ್ಷೌರದಂಗಡಿ ಮುಚ್ಚಿತಲ್ಲ, ಅವರದ್ದು! ಹಿಂದಕ್ಕೆ ಒರಗಿಸಿದ್ರೆ ಹಾಸಿಗೆ ಥರ ಮಲಗ್ಬಹುದು. ಹೊರಗಿನ ತಗಡೆಲ್ಲ ಸತ್ತ ಫ್ರಿಜ್ಜುಗಳದ್ದು, ಒಂಬತ್ತು ಫ್ರಿಜ್ಜು. ಸತ್ತ ಫ್ರಿಜ್ಜು ಅಂಗಡಿಗೆ ಬಂದ್ರೆ ನಾನು ಮೊದಲು ಏನು ಮಾಡ್ತೀನಿ, ಹೇಳು ನೋಡೋಣ? ಮೋಟಾರ್ ಬಿಚ್ಚೋದಲ್ಲ. ಚಿಲಕ! ಹಳೇ ಕಾಲದ್ದಕ್ಕೆ ಹೊರಗಡೆ ಚಿಲಕ ಕಣೇ, ಒಳಗಿಂದ ತೆಗೆಯೋಕೆ ಆಗಲ್ಲ. ಯಾವುದೋ ಮಗು ಕಣ್ಣಾಮುಚ್ಚಾಲೆ ಆಡ್ತಾ ಒಳಗೆ ಹೋಗಿ ಕೂತ್ರೆ? ಮುಗೀತು ಕಥೆ. ಅದಕ್ಕೇ ಮೊದಲು ಚಿಲಕ ಬಿಚ್ಚಿ ಎಸೀಬೇಕು, ಆಮೇಲೆ ಬೇರೆ ಕೆಲಸ. ನಂಗೆ ಕೆಲಸ ಕಲಿಸಿದವರು ಹೇಳಿಕೊಟ್ಟ ಮೊದಲನೇ ಪಾಠ. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲಾನೂ ಮರೆತಿಲ್ಲ.

ಏನು ಸದ್ದು? ಓ, ಅದಾ... ಫ್ಯಾನು. ಒಳಗಡೆ ಕಂಪ್ಯೂಟರಿನ ಸಣ್ಣ ಫ್ಯಾನು ಹಾಕಿದೀನಿ, ನಾಲ್ಕು. ಟೆಸ್ಟಿಂಗ್ ಮಾಡ್ತಿದ್ದೆ. ಮೇಲೆ ಗೋಣಿಚೀಲ ಒದ್ದೆ ಮಾಡಿ ಹಾಕಿರೋದು, ಬಿಸಿಲಿಗೆ ಪೇಂಟು ಬಿರುಕು ಬಿಡುತ್ತೆ ಅಂತ. ಎಲ್ಲಾದಕ್ಕೂ ಪ್ರಶ್ನೆ!

ನಿನ್ನ ಅತ್ತಿಗೆನಾ? ತವರಲ್ಲಿದಾಳೆ. ಮೂರು ತಿಂಗಳಾಯ್ತು. ಇದಕ್ಕೆ ಬಾಗಿಲು ಕೂರಿಸಿದ ದಿನ ಹೋದ್ಳು. ಏನೋ, ಮಾತಿಗೆ ಮಾತು ಬೆಳೀತು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ಳು... ಅಂದ್ಳೋ ಇಲ್ವೋ, ಅಂಥದ್ದೇನೋ ಅಂದ್ಳು. ಬಿಡು. ಅವಳ ಮಾತು ಈಗ್ಯಾಕೆ?

ಹಾಗೆ ಮನೆ ಕಡೆ ಕತ್ತು ಉದ್ದ ಮಾಡಿ ನೋಡ್ಬೇಡ. ಅಪ್ಪ ಎಲ್ಲೂ ಓಡಿ ಹೋಗಲ್ಲ. ಈಗ ಹೋಗಲ್ಲ. ಮೊದಲು ಹೋಗ್ತಿದ್ರು, ಅದು ನಿಂಗೇನು ಗೊತ್ತು? ಭಾನುವಾರ ಹತ್ತು ನಿಮಿಷ ಫೋನಲ್ಲಿ ಮುಖ ತೋರ್ಸಿದ್ರೆ ಮುಗೀತು ನಿನ್ನ ಪಿತೃಸೇವೆ. "ಅಣ್ಣಾ, ಅಪ್ಪ ತೆಳ್ಳಗಾಗಿದಾರೆ. ಅಣ್ಣಾ, ಅಪ್ಪನ ಉಗುರು ತೆಗಿ. ಅಣ್ಣಾ, ಅಪ್ಪನ ಅಂಗೈ ಯಾಕೆ ಕೆಂಪಗಿದೆ?" ದೂರದ ಬೆಟ್ಟ ನುಣ್ಣಗೆ ಕಣೇ! ಹತ್ತಿರ ಬಂದು ಹತ್ತಿ ನೋಡು, ಮಂಡಿ ಕಿತ್ತು ಬರುತ್ತೆ.

ಬೆಳಿಗ್ಗೆ ಎದ್ದು, "ಮ್ಯಾಟಿನಿಗೆ ಲೇಟಾಯ್ತು" ಅಂತ ಹೊರಡೋರು. ಎಲ್ಲಿದೆ ಟಾಕೀಸು? ಒಡೆದು ಮಂಚ-ಸೋಫಾ ಅಂಗಡಿಯಾಗಿ ಒಂಬತ್ತು ವರ್ಷ. ಅಲ್ಲಿಗೆ ಹೋಗಿ ಸೋಫಾಗಳ ಮಧ್ಯೆ ನಿಂತು, "ಎಲ್ರೂ ಕೂತ್ಕೊಳ್ಳಿ, ಲೈಟ್ ಆರಿಸ್ತೀನಿ" ಅನ್ನೋರು. ಎರಡು ಸಲ ಅಂಗಡಿಯವರೇ ಕರ್ಕೊಂಡು ಬಂದು ಬಿಟ್ರು. ಮೂರನೇ ಸಲ ಲಾರಿ ಮುಂದೆ... ಡ್ರೈವರ್ ಹೇಗೋ ಬ್ರೇಕ್ ಹಾಕ್ದ. ಇಳಿದು ಬಂದು ಕೆನ್ನೆಗೆ ಬಾರಿಸ್ದ. ಅಪ್ಪಂಗಲ್ಲ, ನಂಗೆ! ಹಿಂದೆ ಓಡಿ ಬರ್ತಿದ್ದೆನಲ್ಲ, ನಂಗೆ. "ಮುದುಕರನ್ನ ಬೀದಿಗೆ ಬಿಡ್ತೀಯಲ್ಲ, ನೀನು ಮನುಷ್ಯನಾ?" ಅಂದ. ಐವತ್ತು ವರ್ಷದವನು ನಾನು, ನಡುರಸ್ತೇಲಿ, ನನ್ನ ಗಿರಾಕಿಗಳ ಎದುರಿಗೆ. ಅವತ್ತು ಭಾನುವಾರ. ಸಂಜೆ ನೀನು ಫೋನ್ ಮಾಡಿದ್ದೆ. ಹೇಳಲಿಲ್ಲ. ಹೇಳಿ ಏನಾಗ್ಬೇಕಿತ್ತು?

ಆಳು ಇಟ್ಟೆ, ನಾಲ್ಕು ದಿನಕ್ಕೆ ಬಿಟ್ಟು ಹೋದ. ಮನೆಗೆ ಬೀಗ ಹಾಕಿ ಅಂಗಡಿಗೆ ಹೋದೆ, ಕಿಟಕಿ ಗಾಜು ಒಡೆದ್ರು, ಮೊಣಕೈಗೆ ಏಳು ಹೊಲಿಗೆ. ಬಾಗಿಲು ತೆಗೆದಿಟ್ರೆ ಲಾರಿ, ಹಾಕಿದ್ರೆ ಗಾಜು. ಅತ್ತ ದರಿ ಇತ್ತ ಪುಲಿ. ಈ ಮಧ್ಯೆ ನನ್ನ ಹೊಟ್ಟೆಪಾಡು ಬೇರೆ.

ಆಗ ಹೊಳೀತು ಇದು. ಹೊಳೆದಿದ್ದು ಅಪ್ಪನಿಂದ್ಲೇ. ಒಂದಿನ ಆ ಪೌಡರ್ ಡಬ್ಬ ತೆಗೆದು ಕೊಟ್ಟೆ, ನಾಲ್ಕು ಗಂಟೆ ಕೂತ ಜಾಗದಿಂದ ಏಳಲಿಲ್ಲ! ಚೂರುಗಳನ್ನ ಬೆಳಕಿಗೆ ಹಿಡಿದು, ಹಿಡಿದು... ಸರಿ, ಕಟ್ಟೋಕೆ ಶುರು ಮಾಡ್ದೆ. ಕಟ್ಟೋವಷ್ಟು ದಿನಾನೂ ಅಪ್ಪ ಗೇಟು ದಾಟಲಿಲ್ಲ. ಇಲ್ಲೇ ಪಕ್ಕದಲ್ಲಿ ಕೂತು, "ರೆಕ್ಕೆ ಇನ್ನೊಂಚೂರು ಬಗ್ಬೇಕು" ಅಂದ್ರು! ನನ್ನ ಹೆಸರು ಮರೆತಿದೆ, ನಾನು ಮಗ ಅನ್ನೋದೇ ಮರೆತಿದೆ, ರೆಕ್ಕೆ ನೆನಪಿದೆ. ನಿಜ ಹೇಳ್ತೀನಿ ಪುಟ್ಟಿ, ಅವತ್ತು ನಂಗೆ ಖುಷಿಯಾಯ್ತು. ಅಳು ಬರೋಷ್ಟು ಖುಷಿಯಾಯ್ತು.

ಎಲ್ಲಿಗೆ? ಏ, ಬಾಗಿಲು ಮುಟ್ಬೇಡ. ಪೇಂಟು ಹಸಿ ಇದೆ!

...ಒಣಗಿದೆಯಾ? ಹಾಂ, ಅದು ಹೋದ ವಾರ ಬಳಿದಿದ್ದು. ಹಸಿ ಇರೋದು ಒಳಗಿನ ಹಿಡಿಕೆ. ಕೆಂಪು ನಿಲ್ಲಲ್ಲ ಕಣೇ, ಅಗ್ಗದ ಪೇಂಟು, ವಾರಕ್ಕೊಂದು ಸಲ ಬಳೀಬೇಕು. ಬಿಸಿಲಿಗೆ ಹೋಗ್ಬಿಡುತ್ತೆ... ಒಳಗೆ ಬಿಸಿಲೆಲ್ಲಿಂದ ಅಂದ್ರೆ? ನೀನೇನು ಲಾಯರಾ? ಕಿಟಕಿಯಿಂದ ಬರುತ್ತೆ! ಯಾಕೆ ನಗ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ತಾನೇ ನಿನ್ನ ನಗು? ನಾನೇನು ಕದ್ದಿಲ್ಲಮ್ಮ. ಇರೋದನ್ನ ಇಟ್ಕೊಂಡಿದೀನಿ, ಅಷ್ಟೇ.

ಏನು ನೋಡ್ತಿದೀಯ?

ಅದು... ಅದು ಐಸ್‌ಕ್ರೀಮ್ ಅಂಗಡಿಯವರ ಹಳೇ ಫ್ರಿಜ್ಜಿನ ಬಾಗಿಲು. ಆಳೆತ್ತರದ್ದು. ಪುಕ್ಕಟೆ ಸಿಕ್ತು. ಚಿಲಕ ಅದರ ಜೊತೆಗೇ ಬಂತು. ಏನ್ಮಾಡೋದು ಹೇಳು, ಕಡಿಮೆ ಖರ್ಚಲ್ಲಿ ಮಾಡ್ಬೇಕು ಅಂದ್ರೆ ಸಿಕ್ಕಿದ್ದನ್ನ ಸಿಕ್ಕ ಹಾಗೇ... ಸಿನಿಮಾದಲ್ಲಿ ಹೊರಗಡೆ ಚಿಲಕ ಇರಲಿಲ್ಲ, ಗೊತ್ತು. ಕ್ಯಾಪ್ಟನಮ್ಮ, ನಂಗೊತ್ತು.

ಪುಟ್ಟಿ?

ತೆಗೀಬೇಡ. ಈಗ ತಾನೇ ನಿದ್ದೆ ಹತ್ತಿದೆ...

ಚಿಲಕ ಹಿಡ್ಕೊಂಡೇ ನಿಂತೆಯಲ್ಲ. ಏನಾದ್ರೂ ಅನ್ನು. ಬೈ! ನಿನ್ನ ಅತ್ತಿಗೆ ಬೈದ್ಳು, ಆ ಡ್ರೈವರ್ ಹೊಡೆದ, ನೀನೂ ಏನಾದ್ರೂ ಮಾಡು. ಹಾಗೆ ನೋಡ್ಬೇಡ ನನ್ನ. ನೀರಿನ ಬಾಟಲಿ ಇಟ್ಟಿದೀನಿ, ಗಾಳಿಗೆ ತೂತು ಮಾಡಿದೀನಿ, ಕೈಯಾರೆ ಎಣಿಸಿ ಅರವತ್ತು ತೂತು. ಮಧ್ಯಾಹ್ನ ಊಟಕ್ಕೆ ಬಂದು ತೆಗೀತೀನಿ. ಮೊದಲು ಅಂಗಡಿಗೆ ಹೋಗುವಾಗ ಮಾತ್ರ ಚಿಲಕ ಹಾಕ್ತಿದ್ದೆ. ಆಣೆ ಮಾಡ್ತೀನಿ, ಅಂಗಡಿಗೆ ಹೋಗುವಾಗ ಮಾತ್ರ. ಆಮೇಲೆ... ಆಮೇಲೆ ಸಂತೆಗೆ ಹೋಗುವಾಗ. ಆಮೇಲೆ ಒಂದು ಭಾನುವಾರ, ಸುಮ್ನೆ, ಒಂದರ್ಧ ಗಂಟೆ ಮಲಗೋಣ ಅಂತ. ಆಮೇಲೆ ಎಲ್ಲಾ ಭಾನುವಾರ. ಇವತ್ತು ನಂಗೇನೂ ಕೆಲಸ ಇರಲಿಲ್ಲ ಪುಟ್ಟಿ. ಏನೂ ಇರಲಿಲ್ಲ. ನೀನು ಫೋನ್ ಮಾಡೋ ಹೊತ್ತಿಗೆ ಸರಿಯಾಗಿ ಹೊರಗೆ ಕರ್ಕೊಂಡು ಬರ್ತಿದ್ದೆ.

ಹಿಡಿಕೆ ಇದೆ ಒಳಗೆ. ಚೂರಲ್ಲಿ ಇದ್ದ ಹಾಗೇ ಮಾಡಿದೀನಿ, ಅದೇ ಉದ್ದ, ಅದೇ ಬಗ್ಗು. ಎಳೆದ್ರೆ ಕೆಳಗೆ ಬರುತ್ತೆ, ಬಿಟ್ರೆ ಮೇಲೆ ಹೋಗುತ್ತೆ. ಬಾಗಿಲಿಗೆ ಜೋಡಿಸಿಲ್ಲ, ಅಷ್ಟೇ. ದಿನವಿಡೀ ಎಳೀತಾರೆ. ಬಣ್ಣ ಹೋಗೋದು ಬಿಸಿಲಿಗಲ್ಲ. ಸಂಜೆ ಅಂಗೈ ತಿಕ್ಕಿ ತೊಳೀತೀನಿ, ಆಗ ನನ್ನ ಮುಖ ನೋಡಿ ಕೇಳ್ತಾರೆ, "ಯಾಕ್ರೀ, ಇವತ್ತೂ ಬಾಗಿಲು ತೆಗೀಲಿಲ್ಲ?" ನನ್ನನ್ನ 'ರೀ' ಅಂತಾರೆ. ನಾನು ಹೇಳ್ತೀನಿ, "ಇನ್ನೂ ನೆಲ ಮುಟ್ಟಿಲ್ಲಪ್ಪ, ಹೊರಗೆ ಗಾಳಿ ಇಲ್ಲ." ತಕ್ಷಣ ಒಪ್ಕೋತಾರೆ. ತಲೆ ಆಡಿಸಿ, "ಸರಿ, ಸರಿ, ನಾಳೆ ನೋಡೋಣ" ಅಂತಾರೆ. ಅವರಿಗೆ ನೆನಪಿರೋದು ಅದೊಂದೇ ಕಣೇ. ಅದನ್ನೇ ಹಿಡ್ಕೊಂಡು ನಾನು...

ಕೇಳಿಸ್ತಾ? ಎದ್ರು. ಹಿಡಿಕೆ ಸದ್ದು ಅದು.

ತೆಗಿ. ನನ್ನ ಕೈಲಿ ಆಗಲ್ಲ, ನೀನೇ ತೆಗೆದು ಹೇಳು, ನೆಲ ಮುಟ್ಟಿದ್ವಿ ಅಂತ. ಚಿಲಕ ಸ್ವಲ್ಪ ಬಿಗಿ ಇದೆ, ಮೇಲಕ್ಕೆತ್ತಿ ಎಳಿ.