ಅಂಗಿ ಜೇಬಿನ ಫೋನು

ನ್ಯಾಯಾಲಯದ ಬಾಗಿಲಲ್ಲಿ ಫೋನ್ ಒಪ್ಪಿಸುವ ಸಾಲಿತ್ತು. ಅಮ್ಮನ ಮನೆಗಾಗಿ ಒಬ್ಬರ ಮೇಲೊಬ್ಬರು ದಾವೆ ಹೂಡಿದ್ದ ಅಕ್ಕ-ತಮ್ಮ ಇಬ್ಬರೂ ಸಾಲಿನ ಮುಂದೆ ನಿಂತಿದ್ದರು. ಸಾಲಿನಲ್ಲಿ ಅವರ ಹಿಂದಿದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡೇ ಅವರ ಮಾತು ಕೇಳಿಸಿಕೊಂಡಳು.

ತಮ್ಮ ಕಾವಲುಗಾರನ ಬುಟ್ಟಿಗೆ ಒಂದು ಫೋನ್ ಹಾಕಿದ.

"ಇನ್ನೊಂದನ್ನೂ ಹಾಕೋ" ಎಂದಳು ಅಕ್ಕ.

"ಇರೋದೇ ಒಂದು. ನಿನ್ನ ಕೆಲಸ ನೋಡ್ಕೋ."

"ಒಳಗೆ ನಾನು ಹೇಳೋದನ್ನ ನಿನ್ನ ಹೆಂಡ್ತಿ ಹೊರಗೆ ಕೂತು ಕೇಳಿಸ್ಕೋಬೇಕು. ನಾಳೆ ಸಾಕ್ಷಿಗೆ ನಿಂತಾಗ ಅದಕ್ಕೆ ತಕ್ಕ ಹಾಗೆ ಕತೆ ಕಟ್ಬೇಕು. ಅಷ್ಟೇ ತಾನೆ?"

"ನಾಲಿಗೆ ಹರಿಬಿಡಬೇಡ. ಅವಳು ಅಡುಗೆಮನೇಲಿದ್ದಾಳೆ, ಪಾಪ."

ಅಕ್ಕ ತಮ್ಮನ ಅಂಗಿ ಜೇಬಿನತ್ತ ಬಾಗಿದಳು.

"ಏನಮ್ಮಾ, ಸರಿಯಾಗಿ ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಅತ್ತಿಗೆ" ಎಂದು ಜೇಬಿನಿಂದ ವಿಧೇಯ ದನಿಯೊಂದು ಬಂತು.

ಕಾವಲುಗಾರ ಬುಟ್ಟಿಯನ್ನು ಮತ್ತೆ ತಮ್ಮನ ಮುಂದೆ ಹಿಡಿದ. ಅಕ್ಕ ತನ್ನ ಫೋನನ್ನು ಅದರೊಳಗಿಟ್ಟು, ತಿರುಗಿಯೂ ನೋಡದೆ ಒಳಗೆ ನಡೆದಳು.